ಬೆಣ್ಣಿಹಳ್ಳದ ದಂಡೆಗೆ ನಿಂತ ಲಾರಿ

ಲಾರಿಯನ್ನು ನಾಲ್ಕು ಜೋಡಿ ಎತ್ತುಗಳು ಎಳೆದುಕೊಂಡು ಬಂದವು. ಲಕಮನಹಳ್ಳಿಯ ಆಚೆ ಒಂದು ಕಲ್ಲಿನ ಗಣಿಯಲ್ಲಿ ಎರಡು ಮಳೆಗಾಲ ನಿಂತಿದ್ದ ಡೀಸೆಲ್ ಲಾರಿ ಅದು. ಹುಬ್ಬಳ್ಳಿ ಮುಟ್ಟುವುದಕ್ಕೆ ಬೆಳಗಿನಿಂದ ದೀಪ ಹಚ್ಚುವ ಹೊತ್ತಿನವರೆಗೆ ಹಿಡಿಯಿತು. ನಾಲ್ಕು ಜೋಡಿ ಎಂದು ಬರೆದೆ, ಆರು ಇದ್ದಿರಲೂಬಹುದು. ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಅದಕ್ಕೆ ಕಾರಣ ಈ ಲಾರಿಯೇ.

ಆಗ ಯುದ್ಧ ನಡೆದಿತ್ತು. ಪೆಟ್ರೋಲು ಕೂಪನ್ನಿಗೆ ಮಾತ್ರ ಸಿಗುತ್ತಿತ್ತು. ಬಸ್ಸುಗಳು ಬೆನ್ನಿಗೆ ಇದ್ದಲಿನ ಒಲೆ ಕಟ್ಟಿಕೊಂಡು ಅದರ ಹೊಗೆಯ ಮೇಲೆ ಓಡುತ್ತಿದ್ದವು. ನಾನಿದ್ದದ್ದು ಹತ್ತಿಯಿಂದ ಬೀಜ ಬಿಡಿಸಿ ಅರಳೆ ತೆಗೆಯುವ ಒಂದು ಜಿನ್ನಿನಲ್ಲಿ. ಇಪ್ಪತ್ತೆರಡು ವರ್ಷ ಆ ಜಿನ್ನನ್ನು ತಿರುಗಿಸಿದ್ದು ಒಂದು ದೊಡ್ಡ ಎಣ್ಣೆ ಎಂಜಿನ್. ಆ ವರ್ಷ, ಯುದ್ಧಕ್ಕೆ ಮೊದಲೇ ಬರೆದು ತರಿಸಿದ್ದ ವಿದ್ಯುತ್ ಮೋಟಾರು ಕೊನೆಗೂ ಬಂದು ಕೂತಿತು. ಎಂಜಿನ್ ನಿಂತಿತು. ಅದರ ಪಾಲಿನ ಎಣ್ಣೆಯ ಪೀಪಾಯಿಗಳು ಉಳಿದವು, ಅದನ್ನು ನೋಡಿಕೊಳ್ಳುತ್ತಿದ್ದ ಮಿಸ್ತ್ರಿಯೂ ಉಳಿದರು. ಎಣ್ಣೆಯ ಮೇಲೆ ಓಡುವ ಲಾರಿ ಸಿಕ್ಕರೆ ಎಣ್ಣೆಗೂ ಮಿಸ್ತ್ರಿಗೂ ಕೆಲಸವಾಗುತ್ತದೆಂದು ಜಿನ್ನಿನ ಒಡೆಯರಾದ ಸಾವಕಾರರಿಗೆ ಹೊಳೆದಿತ್ತು. ಅದನ್ನು ಅವರು ಅಂಗಳದಲ್ಲಿ ಎಲ್ಲರೆದುರೇ ಹೇಳಿದರು.

“ನೋಡಪಾ ಮಿಸ್ತ್ರಿ, ಲಾರಿ ಹೊಂಟ್ತಂದ್ರ ನೀ ಇದರ ಮಿಸ್ತ್ರಿ. ಹೊಂಡಲಿಲ್ಲಂದ್ರ ನಿನಗ ಇಲ್ಲಿ ಏನು ಕೆಲಸ ಐತಿ, ನೀನ ಹೇಳು.”

“ಹೊಂಡತೈತ್ರಿ ಸಾವಕಾರ್ರ,” ಎಂದರು ಮಿಸ್ತ್ರಿ. “ಯಾಕ ನಿಂತೈತಿ ಅನ್ನೂದು ಗೊತ್ತಾಗಬೇಕಷ್ಟ.”

ಮಿಸ್ತ್ರಿ ಹಳೇ ಹುಬ್ಬಳ್ಳಿಯವರು. ಅರವತ್ತರ ಹತ್ತಿರದ ವಯಸ್ಸು, ಹೆಂಡತಿ ತೀರಿಕೊಂಡಿದ್ದಳು, ಮಗಳು ಅಳಿಯನ ಜೊತೆ ಮನೆ. ಓದು ಬರಹ ಬರುತ್ತಿರಲಿಲ್ಲ. ನಾನು ಭೌತಶಾಸ್ತ್ರದ ಬಿ.ಎಸ್ಸಿ. ಒಂದು ವರ್ಷ ಸಾಲಿಯಲ್ಲಿ ಕಲಿಸಿ ಬೇಸತ್ತು ಬಿಟ್ಟು, ಜಿನ್ನಿನಲ್ಲಿ ಇಂಗ್ಲಿಷ್ ಪತ್ರಗಳನ್ನು ಬರೆಯುತ್ತಿದ್ದೆ. ಅದನ್ನೂ ಬಿಡುವ ಯೋಚನೆಯಲ್ಲಿದ್ದೆ. ಲಾರಿಯ ಸಂಗಡ ಒಂದು ಪುಸ್ತಕ ಬಂದಿತ್ತು, ಅರ್ಧ ಗೆದ್ದಲು ತಿಂದದ್ದು. ಸಾವಕಾರರು ಅದನ್ನು ನನ್ನ ಕೈಗೆ ಕೊಟ್ಟು, “ರಾಯರ, ನೀವು ಓದ್ರಿ, ಅವ ಬಿಚ್ಚಲಿ” ಎಂದರು.

ಓದುವುದಷ್ಟರಲ್ಲೇ ನಿಲ್ಲುವ ಸ್ವಭಾವ ನನ್ನದಲ್ಲ. ಮೊದಲ ದಿನವೇ ಪಾನಾ ಕೈಗೆ ತೆಗೆದುಕೊಂಡು ಒಂದು ನಟ್ಟನ್ನು ತಿರುಗಿಸಲು ಹೋಗಿ ಅದರ ಮೂಲೆಗಳನ್ನು ಸವೆಸಿಬಿಟ್ಟೆ. ಮಿಸ್ತ್ರಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದರು.

“ಮಾಸ್ತರ್ರ, ಅದು ನಟ್ಟು. ಸಾಲಿ ಹುಡುಗನ ಕಿವಿ ಅಲ್ಲ. ಹಿಂಡಬ್ಯಾಡ್ರಿ, ಒಲಿಸ್ರಿ.”

ಎಂಜಿನ್ ತಿರುಗುತ್ತಲೇ ಇರಲಿಲ್ಲ. ಮುಂದಿನ ಹ್ಯಾಂಡಲಿಗೆ ಇಬ್ಬರು ಹಮಾಲರು ಜೋತುಬಿದ್ದರೂ ಕೂದಲೆಳೆಯಷ್ಟು ಅಲುಗಲಿಲ್ಲ. ಪಿಸ್ಟನ್ನುಗಳು ತುಕ್ಕು ಹಿಡಿದು ಸಿಲಿಂಡರಿನ ಗೋಡೆಗೆ ಅಂಟಿಕೊಂಡಿದ್ದವು. ಗೇರು ಹಾಕಿ ಎತ್ತು ಹೂಡಿ ಎಳೆಸಿದರೆ ತಾನೇ ಬಿಡುತ್ತದೆ ಎಂದು ನಾನು ಹೇಳಿದೆ. ಸಾಕಷ್ಟು ಬಲ ಹಾಕಿದರೆ ಯಾವುದೂ ಬಿಡಲೇಬೇಕು ಎಂಬುದು ನನ್ನ ತರ್ಕ.

“ಬಿಡತೈತ್ರಿ. ಅಂಟಿದ್ದು ಬಿಡತೈತೋ, ರಾಡು ಬಾಗತೈತೋ, ಅದನ್ನ ನಿಮ್ಮ ಎತ್ತು ಕೇಳತಾವೇನು?” ಎಂದರು ಮಿಸ್ತ್ರಿ.

ಅವರು ನಾಲ್ಕೂ ನಾಝಲ್‌ಗಳನ್ನು ಬಿಚ್ಚಿದರು. ಎಣ್ಣೆಯನ್ನು ಸಿಲಿಂಡರಿನೊಳಗೆ ಚಿಮ್ಮಿಸುವ ಸಣ್ಣ ಮೂತಿಗಳು ಅವು. ಆ ತೂತುಗಳಲ್ಲಿ ಬೆಚ್ಚಗಿನ ಎಂಜಿನ್ ಎಣ್ಣೆ, ಚಿಮಣಿ ಎಣ್ಣೆ ಕೂಡಿಸಿ ಸುರುವಿದರು. ದಿನಕ್ಕೆ ಎರಡು ಸಲ ಹ್ಯಾಂಡಲಿನ ಮೇಲೆ ಅಂಗೈ ಇಟ್ಟು ಮೈಯ ಭಾರವನ್ನಷ್ಟೇ ಬಿಡುತ್ತಿದ್ದರು, ಒತ್ತುತ್ತಿರಲಿಲ್ಲ. ಎಂಟು ದಿನ ಇದೇ ನಡೆಯಿತು. ನನಗೆ ತಲೆ ಚಿಟ್ಟು ಹಿಡಿಯಿತು. ಒಂಬತ್ತನೇ ದಿನ ಮಧ್ಯಾಹ್ನ ಅವರು ನನ್ನನ್ನು ಕರೆದು ನನ್ನ ಕೈಯನ್ನೇ ಹ್ಯಾಂಡಲಿನ ಮೇಲೆ ಇಡಿಸಿದರು. ಬಾಗಿಲ ಚಿಲಕ ಸರಿದಂತೆ ಅದು ಒಂದು ಬೆರಳಿನಷ್ಟು ಕೆಳಗೆ ಜಾರಿತು. ಆ ಜಾರುವಿಕೆ ಈಗಲೂ ನನ್ನ ಅಂಗೈಯಲ್ಲಿದೆ. ಇದೊಂದರ ಬಗ್ಗೆ ನನಗೆ ಸಂಶಯವಿಲ್ಲ.

ಮುಂದಿನ ಕೆಲಸ ಎಣ್ಣೆಯ ಪಂಪಿನದು, ಅಲ್ಲಿ ನನ್ನ ಪುಸ್ತಕ ಬೇಕಾಯಿತು. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಇರುವುದಿಲ್ಲ. ಒಳಗಿನ ಗಾಳಿಯನ್ನು ಒತ್ತಿ ಒತ್ತಿ ಬಿಸಿ ಮಾಡಿ, ಅದು ತೀರ ಬಿಸಿಯಾದ ಗಳಿಗೆಯಲ್ಲಿ ಎಣ್ಣೆ ಚಿಮ್ಮಬೇಕು. ಮಿಸ್ತ್ರಿಗೆ ಒಂದೇ ಸಿಲಿಂಡರಿನ ಜಿನ್ನಿನ ಎಂಜಿನ್ ಗೊತ್ತು. ನಾಲ್ಕು ಸಿಲಿಂಡರಿಗೆ ಸರದಿಯಂತೆ ಎಣ್ಣೆ ಹಂಚುವ ಪಂಪನ್ನು ಅವರು ಕಂಡಿರಲಿಲ್ಲ. ನಾನು ಚಿತ್ರ ನೋಡಿ, ದೊಡ್ಡ ಚಕ್ರದ ಅಂಚಿನಲ್ಲಿ ಗೀರಿದ್ದ ಗುರುತನ್ನು ಉಜ್ಜಿ ಹುಡುಕಿ, ಮೊದಲನೆಯ ಪಿಸ್ಟನ್ ಮೇಲೆ ಬಂದಾಗ ಪಂಪನ್ನು ಕೂಡಿಸಿಕೊಟ್ಟೆ. ಮೂರು ದಿನ ಹ್ಯಾಂಡಲ್ ತಿರುಗಿಸಿದೆವು. ಲಾರಿ ಗಾಳಿ ಎಳೆಯುವ ಬಾಯಿಂದ ಬಿಳಿ ಹೊಗೆ ಕೆಮ್ಮಿತೇ ಹೊರತು ಏಳಲಿಲ್ಲ.

ನಾಲ್ಕನೆಯ ದಿನ ಮಿಸ್ತ್ರಿ ಮೊದಲನೆಯ ನಾಝಲ್ ತೆಗೆದು ಆ ತೂತಿನ ಮೇಲೆ ಹೆಬ್ಬೆರಳು ಇಟ್ಟು, ಹಮಾಲನಿಗೆ ಮೆಲ್ಲಗೆ ತಿರುಗಿಸಲು ಹೇಳಿದರು. ಒಂದು ಸುತ್ತಿಗೆ ಏನೂ ಆಗಲಿಲ್ಲ. ಎರಡನೆಯ ಸುತ್ತಿಗೆ ಹೆಬ್ಬೆರಳು ಮೇಲಕ್ಕೆ ಹಾರಿತು.

“ಇಲ್ಲಿ ನೋಡ್ರಿ ಮಾಸ್ತರ್ರ. ಗಾಳಿ ಬೆರಳಿಗೆ ಒದೀತಂದ್ರ ಅದು ಖರೇ ಸುತ್ತು. ನಾವು ಸುಳ್ಳು ಸುತ್ತಿಗೆ ಪಂಪು ಕೂಡಿಸೇವಿ.”

ಪಿಸ್ಟನ್ ಎರಡು ಸಲ ಮೇಲೆ ಬರುತ್ತದೆ. ಒಮ್ಮೆ ಗಾಳಿ ಒತ್ತುವುದಕ್ಕೆ, ಒಮ್ಮೆ ಹೊಗೆ ಹೊರದೂಡುವುದಕ್ಕೆ. ಪರೀಕ್ಷೆಯಲ್ಲಿ ಇದನ್ನೇ ಬರೆದು ಪಾಸಾದವನು ನಾನು. “ತಪ್ಪು ನಂದರಿ ಮಿಸ್ತ್ರಿ, ನಿಮ್ಮದಲ್ಲ” ಎಂದು ತಕ್ಷಣ ಒಪ್ಪಿಕೊಂಡೆ. ಅವರು ನಕ್ಕು, “ಹಂಗ ಹೇಳಾಂವ ಲಗೂ ಕಲೀತಾನ” ಎಂದರು. ಒಪ್ಪಿಕೊಳ್ಳುವುದು ಆಗ ಏನೂ ಕಷ್ಟವಾಗಲಿಲ್ಲ. ಸಾವಕಾರರು ಆ ವಾರ ಊರಲ್ಲಿರಲಿಲ್ಲ.

ಪಂಪನ್ನು ಖರೇ ಸುತ್ತಿಗೆ ಕೂಡಿಸಿದ ಮೇಲೆ ಉಳಿದದ್ದು ಫಿಲ್ಟರು. ಟಾಕಿಯಿಂದ ಪಂಪಿಗೆ ಹೋಗುವ ಎಣ್ಣೆಯನ್ನು ಸೋಸಲು ದಾರಿಯಲ್ಲಿ ಒಂದು ಕಬ್ಬಿಣದ ಬಟ್ಟಲಿತ್ತು. ಅದರೊಳಗಿನ ಮೆತ್ತೆ ಮುಟ್ಟಿದರೆ ಪುಡಿಯಾಗುವಷ್ಟು ಕೊಳೆತಿತ್ತು. ಮುಂಬಯಿಗೆ ಬರೆದೆ, ಯುದ್ಧ ಮುಗಿಯುವವರೆಗೆ ಆ ಸಾಮಾನು ಸಿಗುವುದಿಲ್ಲವೆಂದು ಉತ್ತರ ಬಂತು. ನಮ್ಮ ಎಣ್ಣೆಯಂತೂ ಜಿನ್ನಿನ ಎಂಜಿನ್ನಿಗೆ ತರಿಸಿದ್ದ ದಪ್ಪ, ಹೊಲಸು ಎಣ್ಣೆ. ಸೋಸದೆ ಬಿಟ್ಟರೆ ನಾಝಲ್‌ನ ತೂತು ಒಂದು ದಿನಕ್ಕೆ ಮುಚ್ಚುತ್ತದೆ. ಮಿಸ್ತ್ರಿ ಒಂದು ಹಳೆಯ ಕಂಬಳಿ ತಂದರು. ಎಷ್ಟೋ ವರ್ಷ ತೊಳೆದು ತೊಳೆದು ಜುಂಗೆಲ್ಲ ಉದುರಿಹೋದ, ಹಲಗೆಯಂತೆ ಬಿಗಿಯಾದ ಕುರುಬರ ಕಂಬಳಿ. ಅದನ್ನು ದುಂಡಗೆ ಕತ್ತರಿಸಿ ಮೂರು ಪದರು ಮಾಡಿ ಬಟ್ಟಲಿನಲ್ಲಿ ಕೂಡಿಸಿದರು. ಎಣ್ಣೆಯನ್ನು ಪೀಪಾಯಿಯಲ್ಲಿ ನಾಲ್ಕು ದಿನ ಅಲುಗಿಸದೆ ಇಟ್ಟು, ಮೇಲಿನದನ್ನಷ್ಟೇ ತೆಗೆದು ಲಾರಿಗೆ ಹಾಕಬೇಕು ಎಂದೂ ಹೇಳಿದರು.

ಲಾರಿ ಎದ್ದದ್ದು ಅಂಗಳದ ಹೊರಗೆ. ಹತ್ತಿಯ ಅಂಗಳದಲ್ಲಿ ಬೀಡಿ ಕೂಡ ಹಚ್ಚುವಂತಿರಲಿಲ್ಲ, ಮಿಸ್ತ್ರಿಯ ಉಪಾಯಕ್ಕೋ ಬೆಂಕಿಯೇ ಬೇಕು. ಹನ್ನೆರಡು ಜನ ಲಾರಿಯನ್ನು ರಸ್ತೆಗೆ ದೂಡಿದೆವು. ಪೈಪುಗಳ ಸಂದಿಯ ಸ್ಕ್ರೂ ಸಡಿಲಿಸಿ, ನೊರೆನೊರೆಯಾಗಿ ಬರುವ ಎಣ್ಣೆ ತಿಳಿಯಾಗುವವರೆಗೆ ಕೈಪಂಪು ಒತ್ತಿ ಗಾಳಿಯನ್ನು ಪೂರ್ತಿ ತೆಗೆದೆವು. ಆಮೇಲೆ ಮಿಸ್ತ್ರಿ ಚಿಂದಿ ಸುತ್ತಿದ ಕೋಲನ್ನು ಎಣ್ಣೆಯಲ್ಲಿ ಅದ್ದಿ ಹಚ್ಚಿ ಎಂಜಿನ್ ಗಾಳಿ ಎಳೆಯುವ ಬಾಯಿಗೆ ಹಿಡಿದರು. ಮೂವರು ಹ್ಯಾಂಡಲ್ ತಿರುಗಿಸಿದರು. ಮೊದಲು ಒಂದು ಸಿಲಿಂಡರು ಹೊಡೆಯಿತು, ಸುಮ್ಮನಾಯಿತು. ಆಮೇಲೆ ಎರಡು. ಆಮೇಲೆ ಇದ್ದಕ್ಕಿದ್ದಂತೆ ನಾಲ್ಕೂ ಕೂಡಿ ಹೊಡೆಯತೊಡಗಿ ರಸ್ತೆಯೆಲ್ಲ ಕಪ್ಪು ಹೊಗೆ ತುಂಬಿತು. ಸಾವಕಾರರು ತೆಂಗಿನಕಾಯಿ ಒಡೆಸಿದರು. ಬಂದವರಿಗೆಲ್ಲ ನನ್ನನ್ನು ತೋರಿಸಿ, “ಇವರು ನಮ್ಮ ಇಂಜಿನಿಯರ್ ರಾಯರು” ಎಂದು ಹೇಳಿದರು. ಮಿಸ್ತ್ರಿ ಕೈ ಒರೆಸಿಕೊಳ್ಳುತ್ತ ಹಿಂದೆ ನಿಂತಿದ್ದರು. ನನಗೆ ಆ ಹೆಸರು ಬೇಡವೆನಿಸಲಿಲ್ಲ.

ಆದರೆ ಉಣಕಲ್ಲಿನ ಏರಿಗೆ ಒಯ್ದು ನೋಡಿದಾಗ ಎಂಜಿನ್ ಅರ್ಧಕ್ಕೇ ಉಸಿರುಗಟ್ಟಿತು. ದಪ್ಪ ಎಣ್ಣೆ ಕಂಬಳಿಯಿಂದ ಬೇಕಾದಷ್ಟು ಬೇಗ ಇಳಿಯುತ್ತಿರಲಿಲ್ಲ. ಎಣ್ಣೆ ತಿಳಿಯಾಗಲು ನಾಲ್ಕು ದಿನ ಕೊಡಿ, ಎರಡು ಪದರು ತೆಗೆಯುತ್ತೇನೆ, ಆಮೇಲೆ ಎಳೆಯುತ್ತದೆ ಎಂದು ಮಿಸ್ತ್ರಿ ಹೇಳಿದರು. ಸಾವಕಾರರಿಗೆ ಪುರುಸೊತ್ತಿರಲಿಲ್ಲ. ನವಲಗುಂದದ ಕಡೆ ಹತ್ತಿ ಬಿಡಿಸಿ ಚೀಲ ಕಟ್ಟಿ ಇಟ್ಟಿದ್ದರು. ಶನಿವಾರ ಲಾರಿ ಹೋಗಲೇಬೇಕು.

ಶುಕ್ರವಾರ ಮಧ್ಯಾಹ್ನ ಮಿಸ್ತ್ರಿ ನಮಾಜಿಗೆ ಹೋದರು. ನಾನೊಬ್ಬನೇ ಲಾರಿಯ ಹತ್ತಿರ ಇದ್ದೆ. ಕಾಲೇಜಿನ ಪ್ರಯೋಗಶಾಲೆಯಲ್ಲಿ ನಾವು ಲಾಳಿಕೆಯ ಬಾಯಿಗೆ ಹತ್ತಿ ಇಟ್ಟು ಏನೆಲ್ಲ ಸೋಸುತ್ತಿದ್ದೆವು. ಹತ್ತಿಯ ಊರಿನಲ್ಲಿ ಕೂತು ಎಣ್ಣೆ ಸೋಸಲು ಕುರಿಯ ಉಣ್ಣೆ ಯಾಕೆ? ಗೋದಾಮಿನಿಂದ ಹಿಂದಿನ ಹಂಗಾಮಿನ ಅರಳೆ ಎರಡು ಹಿಡಿ ತಂದೆ. ಕಂಬಳಿ ತೆಗೆದು ಅರಳೆ ತುಂಬಿ ಬಟ್ಟಲು ಮುಚ್ಚಿದೆ, ಗಾಳಿ ತೆಗೆದೆ. ಡ್ರೈವರನನ್ನು ಕರೆದು ಹೊರಗೆ ಒಯ್ದು ಚಾಲೂ ಮಾಡಿಸಿದರೆ ಎಂಜಿನ್ನಿನ ದನಿಯೇ ಬದಲಾಗಿತ್ತು. ಉಣಕಲ್ಲಿನ ಏರನ್ನು ಒಂದೇ ಉಸಿರಿಗೆ ಹತ್ತಿತು.

ಪ್ರಯೋಗಶಾಲೆಯ ಹತ್ತಿ ತೊಳೆದು ಹಿಂಜಿ ಮಾಡಿದ್ದು. ಜಿನ್ನಿನಿಂದ ಬಂದ ಹಸಿ ಅರಳೆಯಲ್ಲಿ ತುಂಡು ಎಳೆಗಳೇ ಹೆಚ್ಚು. ಎಣ್ಣೆ ಹರಿಯತೊಡಗಿದರೆ ಅವು ಒಂದೊಂದೇ ಬಿಟ್ಟುಕೊಂಡು ಅದರ ಜೊತೆ ಹೊರಡುತ್ತವೆ. ಅರಳೆಯ ದೂಳಿನಲ್ಲಿ ಇಪ್ಪತ್ತೆರಡು ವರ್ಷ ಎಂಜಿನ್ ಕಾಯ್ದ ಮಿಸ್ತ್ರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವರು ಕಂಬಳಿ ತಂದದ್ದೇ ಅದಕ್ಕೆ. ನಾನು ಕೇಳಲಿಲ್ಲ.

ಮಿಸ್ತ್ರಿ ತಿರುಗಿ ಬಂದಾಗ ಎಂಜಿನ್ ನಡೆಯುತ್ತಲೇ ಇತ್ತು. ಅವರು ಬಾಗಿ ಕೆಳಗೆ ಏನೋ ನೋಡುತ್ತಿದ್ದರು. ನಾನು ಹತ್ತಿರ ಹೋಗಿ ಹೇಳಿದೆ. ಹೇಳಿದೆ ಎಂದೇ ನನ್ನ ನೆನಪು: “ಮಿಸ್ತ್ರಿ, ಕಂಬಳಿ ತಗದು ಅರಳಿ ಹಾಕೀನಿ.” ಅವರು ತಲೆಯಾಡಿಸಿದರು. ನನ್ನ ಮಾತಿಗೆ ಆಡಿಸಿದರೋ, ಎಂಜಿನ್ನಿನ ದನಿಗೆ ಮೆಚ್ಚಿ ಆಡಿಸಿದರೋ, ಹೇಳಲಾರೆ. ಆ ಸಪ್ಪಳದಲ್ಲಿ ನಾನು ನಿಜವಾಗಿ ಎಷ್ಟು ಜೋರಾಗಿ ಹೇಳಿದೆ ಎಂಬುದನ್ನೂ ಹೇಳಲಾರೆ.

ಶನಿವಾರ ಬೆಳಿಗ್ಗೆ ಮಿಸ್ತ್ರಿ ಚೀಲದಲ್ಲಿ ಸಾಮಾನು ಕಟ್ಟಿಕೊಂಡು ಬಂದು ನಿಂತರು. “ನಾನೂ ಬರತೇನ್ರಿ. ಬರೂವಾಗ ಹತ್ತಿ ಮ್ಯಾಲ ಕುಂದರತೇನಿ.” ಮುಂದೆ ಡ್ರೈವರನ ಪಕ್ಕದಲ್ಲಿ ಒಬ್ಬರಿಗೇ ಜಾಗ. ನಾನು, “ಬ್ಯಾಡ್ರಿ ಮಿಸ್ತ್ರಿ, ಈ ವಯಸ್ಸಿನ್ಯಾಗ ಯಾಕ ಮ್ಯಾಲ ಕೂಡತೀರಿ. ನಾ ಇದ್ದೀನಲ್ಲ” ಎಂದೆ. ಅವರ ಚೀಲವನ್ನಷ್ಟೇ ಇಸಿದುಕೊಂಡೆ.

ಹೋಗುವಾಗ ಲಾರಿ ಸೊಗಸಾಗಿ ಹೋಯಿತು. ಡ್ರೈವರ್ ಮಾತುಗಾರ. “ರಾಯರ, ಇದು ಲಾರಿ ಅಲ್ರಿ, ಮದವಿ ಬ್ಯಾಂಡು. ಊರ ಮುಂದ ಹೋದ್ರ ಹೆಣ್ಣಿನವ್ರು ಆರತಿ ತರತಾರ” ಎಂದು ನಗಿಸುತ್ತಿದ್ದ. ನವಲಗುಂದದಲ್ಲಿ ಲಾರಿಯ ತುಂಬ, ಆಳೆತ್ತರಕ್ಕೆ ಹತ್ತಿಯ ಚೀಲ ಹೇರಿದರು. ಮಧ್ಯಾಹ್ನ ಹೊರಟೆವು. ಬೆಣ್ಣಿಹಳ್ಳ ದಾಟಿ ಈಚೆಯ ದಂಡೆ ಹತ್ತುವಾಗ ಎಂಜಿನ್ ಒಂದು ಸಿಲಿಂಡರು ಬಿಟ್ಟು ಹೊಡೆಯತೊಡಗಿತು. ಆಮೇಲೆ ಎರಡು ಬಿಟ್ಟು. ದಂಡೆಯ ನೆತ್ತಿಗೆ ಬಂದು ನಿಂತೇಬಿಟ್ಟಿತು.

ನಾನು ಕ್ರಮವಾಗಿಯೇ ಹೋದೆ. ಟಾಕಿಯಲ್ಲಿ ಎಣ್ಣೆ ಇತ್ತು. ಟಾಕಿಯ ಮುಚ್ಚಳದ ಗಾಳಿತೂತು ತೆರೆದಿತ್ತು. ಪೈಪಿನ ಜೋಡುಗಳೆಲ್ಲ ಬಿಗಿಯಾಗಿದ್ದವು. ಪಂಪಿನ ಗಾಳಿ ತೆಗೆಯಲು ಹೋದರೆ ಎಣ್ಣೆ ಹನಿಹನಿಯಾಗಿ ಬಂದು ನಿಂತಿತು. ನಾಝಲ್ ಒಂದನ್ನು ಬಿಚ್ಚಿದೆ, ಒರೆಸಿದೆ, ಹಾಕಿದೆ. ಪಂಪು ತಪ್ಪು ಸುತ್ತಿಗೆ ಕೂತಿದೆಯೇನೋ ಎಂದು ಅದನ್ನೂ ಸಂಶಯಿಸಿದೆ. ಮಿಸ್ತ್ರಿಯ ಹೆಬ್ಬೆರಳನ್ನೂ ಸಂಶಯಿಸಿದೆ. ಫಿಲ್ಟರಿನ ಬಟ್ಟಲನ್ನು ಮಾತ್ರ ತೆರೆಯಲಿಲ್ಲ. ಅದನ್ನು ನಾನೇ ನಿನ್ನೆ ತುಂಬಿದ್ದೆ. ಅದು ಸರಿಯಾಗಿಯೇ ಇರುತ್ತದೆ.

ಹೊತ್ತು ಇಳಿಯುವಾಗ ಮೋಡ ಕವಿದು ಅಕಾಲದ ಮಳೆ ಬಂತು. ತಾಡಪತ್ರಿ ಅರ್ಧ ಲಾರಿಗೆ ಸಾಲುವಷ್ಟಿತ್ತು. ಎರಿಮಣ್ಣು ಗಾಲಿಗೆ ಅಂಟಿನಂತೆ ಹಿಡಿಯಿತು. ಚೀಲಗಳ ಮೇಲೆ ಕೂತು ಬಂದಿದ್ದ ಹಮಾಲರು ಹತ್ತಿಗೆ ತಮ್ಮ ಕಂಬಳಿಗಳನ್ನೇ ಹೊದಿಸಿ ತಾವು ನೆನೆದರು. ಡ್ರೈವರನಿಗೆ ಈಗ ನಗು ಇರಲಿಲ್ಲ.

“ಮಳಿ ನಿಲ್ಲಸೂದು ನಿಮ್ಮ ಬುಕ್ಕಿನ್ಯಾಗ ಬರದಿಲ್ಲೇನ್ರಿ ರಾಯರ?”

ಸುದ್ದಿ ಮುಟ್ಟಿಸಲು ಅವನನ್ನು ಹುಬ್ಬಳ್ಳಿಗೆ ಹೋಗುವ ಇದ್ದಲಿನ ಬಸ್ಸಿನಲ್ಲಿ ಕಳಿಸಿದೆ. ಮರುದಿನ ಬೆಳಿಗ್ಗೆ ಅಂಥದೇ ಬಸ್ಸಿನಿಂದ ಸಾವಕಾರರೂ ಮಿಸ್ತ್ರಿಯೂ ಇಳಿದರು. ಸಾವಕಾರರು ಒಂದು ಚೀಲದ ಬಾಯಿ ಬಿಚ್ಚಿ ಒಳಗೆ ಕೈ ಹಾಕಿ ನೋಡಿ, ಒದ್ದೆಯಾದ ಕೈಯನ್ನು ಧೋತರಕ್ಕೆ ಒರೆಸಿಕೊಂಡರು. ಮಿಸ್ತ್ರಿ ನೇರವಾಗಿ ಹೋಗಿ ಮೊದಲು ತೆರೆದದ್ದೇ ಫಿಲ್ಟರಿನ ಬಟ್ಟಲು. ಎರಡು ಬೆರಳು ಹಾಕಿ ಎಳೆದರು. ಕಪ್ಪಗೆ, ಒದ್ದೆಯಾಗಿ, ಗಂಟುಗಟ್ಟಿದ ಅರಳೆ ಹೊರಗೆ ಬಂತು.

“ಏನೋ ಅದು?” ಎಂದರು ಸಾವಕಾರರು.

“ಅರಳಿರಿ.”

“ಅರಳಿ? ಎಂಜಿನ್ನಿನ್ಯಾಗ? ಕಂಬಳಿ ಹಾಕೇನಿ ಅಂತ ನೀನ ಹೇಳಿದ್ದಿ.”

“ಹೌದ್ರಿ. ಕಂಬಳಿನ ಹಾಕಿದ್ದೆ.”

“ಮತ್ತ ಇದನ್ನ ಯಾರು ತುಂಬಿದ್ರು?”

ಮಿಸ್ತ್ರಿ ನನ್ನ ಕಡೆ ನೋಡಿದರು. ಅದರಲ್ಲಿ ಆರೋಪವಿರಲಿಲ್ಲ. ತನಗೆ ತಿಳಿಯದ ಒಂದು ಸಂಗತಿಯನ್ನು ಓದುಬಲ್ಲವನು ಹೇಳಲಿ ಎಂದು ಕಾಯುವವರಂತೆ ನೋಡಿದರು. ಸಾವಕಾರರೂ ನನ್ನ ಕಡೆ ತಿರುಗಿದರು.

“ಯಾರಂತ ನೆನಪಿಲ್ರಿ ಸಾವಕಾರ್ರ,” ಎಂದೆ ನಾನು. “ಹತ್ತು ಸಲ ಬಿಚ್ಚೀವಿ, ಹತ್ತು ಸಲ ಹಾಕೀವಿ.”

ಹತ್ತು ಸಲ ಬಿಚ್ಚಿ ಹಾಕಿದ್ದು ನಿಜವೇ. ಮಿಸ್ತ್ರಿ ಸ್ವಲ್ಪ ಹೊತ್ತು ಕೈಯಲ್ಲಿದ್ದ ಅರಳೆಯನ್ನೇ ತಿರುವಿ ನೋಡಿದರು. “ನಾ ಹಾಕಿದ್ದು ನನಗೇನೂ ನೆನಪಿಲ್ಲಲ್ರಿ” ಎಂದು ಮೆಲ್ಲಗೆ ಅಂದರು.

“ಅದನ್ನ ನಾನೂ ಹೇಳೂದು,” ಎಂದರು ಸಾವಕಾರರು. “ನಿನಗ ನೆನಪಿರವಲ್ದು.”

ಮಿಸ್ತ್ರಿ ಒಬ್ಬ ಹಮಾಲನ ಕಂಬಳಿಯ ಮೂಲೆಯನ್ನು ಕೇಳಿ ಕತ್ತರಿಸಿಕೊಂಡರು. ನಾಲ್ಕೂ ನಾಝಲ್ ಬಿಚ್ಚಿ, ತೂತಿನಲ್ಲಿ ಸಿಕ್ಕಿದ ಎಳೆಗಳನ್ನು ಸೂಜಿಯ ಮೊನೆಯಿಂದ ಒಂದೊಂದಾಗಿ ಎಳೆದು, ಚಿಮಣಿ ಎಣ್ಣೆಯಲ್ಲಿ ತೊಳೆದು ಹಾಕಿದರು. ಪೈಪುಗಳನ್ನು ಬಾಯಿಂದ ಊದಿದರು. ನಾನು ಪಾನಾ ಎತ್ತಿ ಎತ್ತಿ ಕೊಟ್ಟೆ. ಎರಡು ತಾಸಿನೊಳಗೆ ಲಾರಿ ಎದ್ದಿತು. ಸಾವಕಾರರು ದೂರದಲ್ಲಿ ನಿಂತು ನೋಡುತ್ತಿದ್ದವರು ನನ್ನನ್ನು ಪಕ್ಕಕ್ಕೆ ಕರೆದರು.

“ಕೈ ಛಲೋ ಐತ್ರಿ ರಾಯರ, ಇಲ್ಲನ್ನೂದಿಲ್ಲ. ತೆಲಿ ಸೋತೈತಿ. ಇಂದು ಅರಳಿ ಮರತ, ನಾಳೆ ಬ್ರೇಕಿನ ನಟ್ಟು ಮರೀತಾನ. ಇವನ ಮ್ಯಾಲ ಲಾರಿ ಬಿಡಾಕ ಬರಂಗಿಲ್ಲ.”

ನಾನು ಹೂಂ ಅನ್ನಲಿಲ್ಲ. ಊಹೂಂ ಎಂದೂ ಅನ್ನಲಿಲ್ಲ.

ಯುಗಾದಿಗೆ ಮೊದಲು ಗದಗಿನಿಂದ ಒಬ್ಬ ಹೊಸ ಮಿಸ್ತ್ರಿ ಬಂದ. ಹಳೆಯ ಮಿಸ್ತ್ರಿ ಎಂಜಿನ್ ಮನೆಯ ಬೀಗದ ಕೈ ಕೊಡಲು ಬಂದ ದಿನ ನನ್ನ ಮೇಜಿನ ಹತ್ತಿರ ನಿಂತು ಕೇಳಿದರು: “ಮಾಸ್ತರ್ರ, ಆ ಶುಕ್ರವಾರ ನಾ ನಮಾಜ ಮುಗಿಸಿ ಬಂದಾಗ ನೀವು ಏನೋ ಹೇಳಿದ್ರಿ. ಸಪ್ಪಳದಾಗ ತಿಳೀಲಿಲ್ಲ. ಏನ ಹೇಳಿದ್ರಿ?”

“ಎಂಜಿನ್ ಛಲೋ ನಡದದ ಅಂತ ಅಂದಿದ್ದೆ, ಅನಸ್ತದ” ಎಂದೆ.

“ಹೌದಲ್ಲ. ಛಲೋ ನಡದಿತ್ತು,” ಎಂದು ಹೇಳಿ ಅವರು ಹೋದರು.

ಮುಂದೆ ಎಷ್ಟೋ ಸಲ ಇದನ್ನು ನನ್ನೊಳಗೇ ವಾದಿಸಿದ್ದೇನೆ. ಸಾವಕಾರರು ಕೇಳಿದ ಆ ಗಳಿಗೆಯಲ್ಲಿ ನನಗೆ ನಿಜವಾಗಿ ಮರೆತಿತ್ತೇ? ರಾತ್ರಿಯೆಲ್ಲ ನೆನೆದು, ನಿದ್ದೆ ಇಲ್ಲದೆ, ತಲೆ ಮಂಕಾಗಿತ್ತು, ಮರೆತಿರುವುದು ಅಸಾಧ್ಯವಲ್ಲ. ಆದರೆ ಹಿಂದಿನ ಸಂಜೆ ಅದೇ ದಂಡೆಯ ಮೇಲೆ, ಬಟ್ಟಲನ್ನು ನಾನೇ ತುಂಬಿದ್ದೆನೆಂದೇ ಅದನ್ನು ತೆರೆಯದೆ ಬಿಟ್ಟಿದ್ದೆ. ಸಂಜೆ ನೆನಪಿದ್ದದ್ದು ಬೆಳಿಗ್ಗೆ ಹೇಗೆ ಮರೆಯಿತು? ಈ ತರ್ಕ ಗಟ್ಟಿ ಎನಿಸುತ್ತದೆ. ಮರುಕ್ಷಣ, ತೆರೆಯದಿದ್ದುದಕ್ಕೆ ಆ ಕಾರಣವನ್ನು ನಾನು ಆಮೇಲೆ ಹಚ್ಚಿದೆನೇ ಎಂದು ಮತ್ತೊಂದು ಸಂಶಯ ಏಳುತ್ತದೆ. ಸಂಶಯಪಡುವುದನ್ನು ನನಗೆ ಕಲಿಸಿದ್ದು ಸತ್ಯ ಹುಡುಕಲಿಕ್ಕೆ. ನಾನು ಅದರ ಹಿಂದೆ ಅಡಗಿ ಕೂತೆ. ನನಗೆ ಕಳೆದುಕೊಳ್ಳುವುದಕ್ಕಾದರೂ ಏನಿತ್ತು? ಇಂಜಿನಿಯರ್ ರಾಯರು ಎಂಬ ಮಾತು, ಅಷ್ಟೇ. ಮಳೆಗಾಲ ಬರುವುದರೊಳಗೆ ನಾನು ಆ ಕೆಲಸವನ್ನೇ ಬಿಟ್ಟು ಪುಣೆಗೆ ಹೋದೆ.

ಎರಡು ವರ್ಷದ ಮೇಲೆ ಊರಿಗೆ ಬಂದಾಗ ಹಳೇ ಹುಬ್ಬಳ್ಳಿಗೆ ಹೋಗಿ ಮಿಸ್ತ್ರಿಯ ಮನೆ ಕೇಳಿಕೊಂಡು ಹುಡುಕಿದೆ. ಅಳಿಯ ಖಾಲಿ ಡಬ್ಬಿಗಳನ್ನು ಕತ್ತರಿಸಿ ಚಿಮಣಿ ದೀಪ ಮಾಡುತ್ತಿದ್ದ. ಮಿಸ್ತ್ರಿ ಕಟ್ಟೆಯ ಮೇಲೆ ಕೂತು ಮರದ ಸುತ್ತಿಗೆಯಿಂದ ತಗಡು ತಟ್ಟಿ ನೆಟ್ಟಗೆ ಮಾಡುತ್ತಿದ್ದರು. ನನ್ನನ್ನು ನೋಡಿ ಎದ್ದು ನಿಂತರು. “ಬರ್ರಿ ಬರ್ರಿ ಮಾಸ್ತರ್ರ, ಇಷ್ಟ ದೂರ!” ಎಂದು ಒಳಗಿನಿಂದ ಚಹಾ ತರಿಸಿದರು.

“ಎಂಜಿನ್ ಕೆಲಸ ಪೂರಾ ಬಿಟ್ರ್ಯಾ ಮಿಸ್ತ್ರಿ?”

“ಬಿಟ್ಟೆ. ಅಣ್ಣಿಗೇರಿ ಜಿನ್ನಿನವ್ರು ಕರದ್ರು, ಹೋಗಲಿಲ್ಲ. ಪಾನಾ ಹಿಡದ್ರ ಅಂಜಿಕಿ ಬರತೈತ್ರಿ. ಬಿಗದ್ನೋ ಇಲ್ಲೋ, ಹಾಕಿದ್ನೋ ಇಲ್ಲೋ ಅಂತ ಹೊಳ್ಳಿಮಳ್ಳಿ ನೋಡಬೇಕ ಅನಸತೈತಿ. ಆ ಅರಳಿ ತುಂಬಿದ್ದು ಒಂದೀಟರ ನೆನಪು ಬರಬೇಕಲ್ರಿ? ಬರಂಗಿಲ್ಲ. ನನ್ನ ಕೈ ಮಾಡಿದ್ದು ನನಗ ಗೊತ್ತಿಲ್ಲಂದ್ರ ಮಂದಿ ಎಂಜಿನ್ನಿಗೆ ಹೆಂಗ ಕೈ ಹಚ್ಚಲಿ?”

ಚಹಾದ ಬಟ್ಟಲು ಕೆಳಗಿಟ್ಟೆ.

“ಮಿಸ್ತ್ರಿ, ಅರಳಿ ತುಂಬಿದಾಂವ ನಾನು. ನೀವು ನಮಾಜಿಗೆ ಹೋದಾಗ ತುಂಬಿದೆ. ಸಾವಕಾರ್ರು ಕೇಳಿದಾಗ ನನಗ ನೆನಪಿತ್ತು.”

ಅವರು ನನ್ನ ಮುಖ ನೋಡಿದರು. ಆಮೇಲೆ ಬಹಳ ಅಂತಃಕರಣದಿಂದ ನಕ್ಕರು.

“ದೊಡ್ಡ ಮನಸ್ಸು ನಿಮ್ದು. ಮುದುಕಗ ಸಮಾಧಾನ ಹೇಳಾಕ ಇಲ್ಲೀತನಾ ಬಂದ್ರಿ.”

“ಸಮಾಧಾನಕ್ಕ ಅಲ್ರಿ. ಖರೇನ ಹೇಳ್ಲಿಕ್ಕೆ ಹತ್ತೀನಿ.”

“ನೀವು ಹಾಕಿದ್ರ ಅವತ್ತ ಹೇಳತಿದ್ರಿ ಮಾಸ್ತರ್ರ. ಪಂಪು ಸುಳ್ಳು ಸುತ್ತಿಗೆ ಕೂಡಿಸಿದಾಗ ತಪ್ಪು ನಂದು ಅಂತ ತಟ್ಟನ ಹೇಳಲಿಲ್ಲೇನು? ಅದ ನನಗ ಪಕ್ಕಾ ನೆನಪೈತಿ. ನಿಮ್ಮ ಗುಣ ನನಗ ಗೊತ್ತಿಲ್ಲೇನು?”

ನಾನು ಮತ್ತೆ ಹೇಳಿದೆ. ಎರಡು ಸಲವೋ ಮೂರು ಸಲವೋ. ಹೇಳಿದಷ್ಟೂ ಅವರ ಮುಖದಲ್ಲಿ ನನ್ನ ಮೇಲಿನ ಕನಿಕರವೇ ಹೆಚ್ಚಾಯಿತು. ಅಳಿಯ ಕತ್ತರಿ ನಿಲ್ಲಿಸಿ ನಮ್ಮಿಬ್ಬರನ್ನೂ ನೋಡುತ್ತಿದ್ದ.

ಓಣಿಯ ತುದಿಯಲ್ಲಿ ಹಿಟ್ಟಿನ ಗಿರಣಿಯ ಎಣ್ಣೆ ಎಂಜಿನ್ ಚಾಲೂ ಆಯಿತು. ಅದು ಸರಿಯಾಗಿ ಹೊಡೆಯುತ್ತಿರಲಿಲ್ಲ. ನಾಲ್ಕೈದು ಹೊಡೆತಕ್ಕೊಮ್ಮೆ ಎಡವುತ್ತಿತ್ತು.

“ಗಿರಣಿಯಾಂವ ಇವರನ್ನ ಕರಿಯಾಕ ಎರಡ ಸಲ ಬಂದು ಹೋದ್ರಿ,” ಎಂದ ಅಳಿಯ. “ಹೋಗವಲ್ರು.”

ಮಿಸ್ತ್ರಿ ಆ ಹೊಡೆತವನ್ನೇ ಕೇಳುತ್ತಿದ್ದರು. “ನಾಝಲ್ ಸೋರತೈತಿ ಅದರದು,” ಎಂದರು.

“ಹಂಗಾದ್ರ ಹೋಗಿ ಹೇಳ್ರಿ ಮತ್ತ. ನಾನೂ ಬರ್ತೀನಿ, ನಡೀರಿ” ಎಂದು ಎದ್ದು ನಿಂತೆ.

ಅವರೂ ಏಳಲೆಂದು ಕೈ ಊರಿದರು. ಊರಿದವರು ಹಾಗೆಯೇ ಮತ್ತೊಂದಿಷ್ಟು ಹೊತ್ತು ಕೇಳಿದರು.

“ನಾಝಲ್ ಇದ್ದೀತು,” ಎಂದರು. “ವಾಲ್ವೂ ಇದ್ದೀತು. ನನಗ ಹೆಂಗ ಗೊತ್ತಾಗಬೇಕ್ರಿ ಈಗ.”

ಅದು ನಾಝಲ್ಲೇ. ನನಗೂ ತಿಳಿಯುತ್ತಿತ್ತು, ತಿಳಿಯುವಂತೆ ಕಲಿಸಿದವರು ಅವರೇ. ಹಾಗೆಂದು ಹೇಳಿದೆ. ಇದನ್ನೂ ಅವರು ಒಂದು ಸಮಾಧಾನವೆಂದೇ ತೆಗೆದುಕೊಂಡರು. ಊರಿದ ಕೈಯನ್ನು ಎತ್ತಿ, ಮಗ್ಗುಲಲ್ಲಿದ್ದ ತಗಡನ್ನು ತೊಡೆಯ ಮೇಲೆ ಎಳೆದುಕೊಂಡು ತಟ್ಟತೊಡಗಿದರು.